ಮೇ ತಿಂಗಳಲ್ಲಿ ಒಂದು ಇಡೀ ದಿನ ಕಡಲ ದಡದಲ್ಲಿ: ಪಣಂಬೂರೋ, ಪಡುಬಿದ್ರಿಯೋ, ಕಾಸರಕೋಡೋ?

ಬೆಣ್ಣೆನಗರಿ
ಎಲ್ರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಿದ್ದೀನಿ. ಮೇ ಎರಡನೇ ವಾರ ಅಕ್ಕನ ಮಕ್ಕಳು ರಜೆಗೆ ನಮ್ಮನೇಲಿರ್ತಾರೆ. ದೊಡ್ಡವಳಿಗೆ ಹನ್ನೊಂದು ವರ್ಷ, ಚಿಕ್ಕವನಿಗೆ ಏಳು. ಇಬ್ಬರೂ ಇನ್ನೂ ಸಮುದ್ರ ನೋಡಿಲ್ಲ. ಅಮ್ಮನೂ ಬರ್ತಾರೆ, ಅವರಿಗೆ ಮಂಡಿನೋವು, ಮರಳಲ್ಲಿ ದೂರ ನಡೆಯೋಕಾಗಲ್ಲ. ದೇವಸ್ಥಾನ ಬೇಡ, ಗುಡ್ಡ ಬೇಡ, ಬೆಳಗ್ಗೆಯಿಂದ ಕತ್ತಲಾಗೋವರೆಗೆ ಬೀಚಲ್ಲೇ ಇರಬೇಕು ಅಂತ ಮಕ್ಕಳ ಹಟ. ಶೌಚಾಲಯ, ಮೈ ತೊಳೆಯೋಕೆ ಸಿಹಿನೀರು, ನೆರಳು, ಜೀವರಕ್ಷಕರು ಇಷ್ಟು ಇರೋ ಸಾರ್ವಜನಿಕ ಬೀಚ್ ಯಾವುದು? ರೆಸಾರ್ಟ್ ಹೆಸರು ಹೇಳಬೇಡಿ, ಅಷ್ಟು ದುಡ್ಡಿಲ್ಲ.

ಕುಡ್ಲದ ಬಿಸಿಲು
ಎಂತ ಮಾರಾಯ್ರೆ, ಮೇ ತಿಂಗಳಲ್ಲಿ ಇಡೀ ದಿನ ಬೀಚಲ್ಲಾ? ನಾವು ಮಂಗಳೂರಲ್ಲೇ ಹುಟ್ಟಿ ಬೆಳೆದವರು ಹತ್ತು ಗಂಟೆ ಮೇಲೆ ಆ ಕಡೆ ತಲೆ ಹಾಕುದಿಲ್ಲ. ನಿಮ್ಮ ಊರಲ್ಲಿ 38 ಡಿಗ್ರಿ ಇದ್ರೂ ಒಣಗಾಳಿ, ಮರದಡಿ ಕೂತ್ರೆ ಸುಧಾರಿಸ್ತದೆ. ಇಲ್ಲಿ 33-34 ಅಷ್ಟೇ, ಆದ್ರೆ ಬೆವರು ಆರುದೇ ಇಲ್ಲ. ಸಮುದ್ರದ ನೀರೇ 30 ಡಿಗ್ರಿ ಹತ್ತಿರ ಇರ್ತದೆ, ಇಳಿದ್ರೆ ತಂಪಾಗ್ತದೆ ಅಂತ ಎಣಿಸ್ಬೇಡಿ.

ಪಣಂಬೂರಿಗೆ ಬನ್ನಿ. ಜೀವರಕ್ಷಕರು ಉಂಟು, ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಉಂಟು, ಚರುಮುರಿ ಉಂಟು. ನವಮಂಗಳೂರು ಬಂದರು ಪಕ್ಕದಲ್ಲೇ, ಒಳಗೆ ಬರ್ಲಿಕ್ಕೆ ಕಾಯುವ ಹಡಗುಗಳು ದೂರದಲ್ಲಿ ಸಾಲಾಗಿ ಕಾಣ್ತವೆ. ಸಮುದ್ರವನ್ನೇ ನೋಡದ ಮಕ್ಕಳಿಗೆ ಅದೊಂದೇ ಸಾಕು. ಆದ್ರೆ ನಾಲ್ಕು ಗಂಟೆಗೆ ಬನ್ನಿ. ಭಾನುವಾರ ಮಾತ್ರ ಬೇಡ, ಕಾಲಿಡ್ಲಿಕ್ಕೆ ಜಾಗ ಸಿಗುದಿಲ್ಲ.

ಗಾಳಿಮರ
ಉಡುಪಿಯವನು, ನಿವೃತ್ತ ಭೂಗೋಳ ಮೇಷ್ಟ್ರು. ಮೇಲಿನವರು ಹೇಳಿದ್ದು ಸರಿ, ಅದರ ಲೆಕ್ಕ ಹೇಳುತ್ತೇನೆ.

ನಮ್ಮ ಕಡಲು ಪಶ್ಚಿಮಕ್ಕಿದೆ. ಬೆಳಗ್ಗೆ ಸೂರ್ಯ ಹುಟ್ಟುವುದು ನಿಮ್ಮ ಬೆನ್ನ ಹಿಂದೆ, ತೆಂಗು ಮತ್ತು ಗಾಳಿಮರದ ತೋಪಿನ ಆಚೆ. ಹಾಗಾಗಿ ಮುಂಜಾನೆ ಆ ಮರಗಳ ನೆರಳು ಕಡಲ ಕಡೆಗೆ, ಮರಳಿನ ಮೇಲೇ ಬೀಳುತ್ತದೆ. ಆರರಿಂದ ಎಂಟೂವರೆವರೆಗೆ ದಡದಲ್ಲಿ ಪುಕ್ಕಟೆ ಚಪ್ಪರ. ಮಧ್ಯಾಹ್ನದ ಮೇಲೆ ಅದೇ ನೆರಳು ರಸ್ತೆ ಕಡೆಗೆ ತಿರುಗುತ್ತದೆ, ಮರಳಿಗೆ ಏನೂ ಉಳಿಯುವುದಿಲ್ಲ. ಪ್ರವಾಸಿಗಳು ಹೆಚ್ಚಾಗಿ ಬರುವುದು ತಿಂಡಿ ತಿಂದು, ನಿಧಾನಕ್ಕೆ ಹನ್ನೊಂದರ ಹೊತ್ತಿಗೆ. ಮಂಗಳೂರು-ಉಡುಪಿ ಅಕ್ಷಾಂಶದಲ್ಲಿ ಸೂರ್ಯ ಏಪ್ರಿಲ್ ಕೊನೆಯ ವಾರದಲ್ಲಿ ಸರಿಯಾಗಿ ನೆತ್ತಿಯ ಮೇಲೆ ಹಾದುಹೋಗುತ್ತಾನೆ, ಆಗಸ್ಟಿನಲ್ಲಿ ಮತ್ತೊಮ್ಮೆ. ಮೇ ಎರಡನೇ ವಾರಕ್ಕೆ ಅವನು ಅಲ್ಲಿಂದ ಐದಾರು ಡಿಗ್ರಿ ಮಾತ್ರ ಉತ್ತರಕ್ಕೆ ಸರಿದಿರುತ್ತಾನೆ. ಮಧ್ಯಾಹ್ನ ಕೊಡೆ ಬಿಡಿಸಿದರೆ ನೆರಳು ನಿಮ್ಮ ಪಾದದ ಸುತ್ತಲೇ ಬೀಳುತ್ತದೆ.

ಕಡಲಗಾಳಿ ಮುಂಜಾನೆ ಇರುವುದಿಲ್ಲ. ನೆಲ ಕಾದು ಮೇಲಿನ ಗಾಳಿ ಹಗುರಾದ ಮೇಲೆ, ಹನ್ನೊಂದರ ಸುಮಾರಿಗೆ, ಕಡಲಿಂದ ಬೀಸಲು ಶುರು. ಮಧ್ಯಾಹ್ನದ ಮೇಲೆ ಜೋರು. ಅದರ ಸುಖದಲ್ಲಿ ಮೈ ಸುಡುತ್ತಿರುವುದು ತಿಳಿಯುವುದಿಲ್ಲ, ರಾತ್ರಿ ಭುಜ ಕೆಂಪಾದಾಗ ಮಕ್ಕಳು ಅಳುತ್ತಾರೆ. ಆದ್ದರಿಂದ ಇಡೀ ದಿನ ಬೇಡ, ದಿನದ ಎರಡು ತುದಿ ಸಾಕು. ಆರರಿಂದ ಒಂಬತ್ತೂವರೆ, ಮತ್ತೆ ನಾಲ್ಕರಿಂದ ಕತ್ತಲಾಗುವವರೆಗೆ. ಮೇ ಮಧ್ಯದಲ್ಲಿ ಸೂರ್ಯ ಮುಳುಗುವಾಗ ಏಳಕ್ಕೆ ಹತ್ತು ನಿಮಿಷ ಇರುತ್ತದೆ. ಎರಡೂ ಸೇರಿ ಹತ್ತಿರ ಹತ್ತಿರ ಏಳು ತಾಸು, ಮಕ್ಕಳ ಹಟಕ್ಕೆ ದಂಡಿಯಾಯಿತು.

ಪೇಢಾನಗರಿ
ಧಾರವಾಡದಾಕಿ ನಾನು. ಕಾಸರಕೋಡಿಗೆ ಹೋಗ್ರಿ. ಹೊನ್ನಾವರದ ಹತ್ರ ಅದ, ಹೈವೇಕ್ಕ ಹಚ್ಚಿ. ಭಾಳ ಸ್ವಚ್ಛ ಇಟ್ಟಾರ. ಗಾಳಿಮರದ ತೋಪಿನ ಒಳಗ ಕೂಡಾಕ ಬೆಂಚ್ ಅದಾವ, ಅಲ್ಲಿ ಮಧ್ಯಾಹ್ನಾನೂ ತ್ರಾಸ ಆಗಂಗಿಲ್ಲ. ನಮ್ಮ ಅತ್ತೀನ್ನ ಅಲ್ಲೇ ಕುಂದರಿಸಿ ನಾವು ನೀರಿಗೆ ಹೋಗಿದ್ವಿ. ಬಟ್ಟಿ ಬದಲಿ ಮಾಡಾಕ ಖೋಲಿ, ಶವರ್ ಎಲ್ಲಾ ಅದಾವ. ಟಿಕೆಟ್ ಅದ, ಆದ್ರ ಕೊಡೂದಕ್ಕ ಲಾಯಕ್ ಅದ.

ಮಲೆನಾಡ ಮಳೆ
ಸಮುದ್ರ ನೋಡೋಕೂ ಟಿಕೆಟ್ಟಾ? ಕಡಲು ಯಾರಪ್ಪನ ಮನೆ ಆಸ್ತಿ? ನಾಳೆ ಆಗುಂಬೆಯ ಸೂರ್ಯಾಸ್ತಕ್ಕೂ ಚೀಟಿ ಹರಿತಾರೆ ನೋಡಿ.

ಶರಾವತಿ ದಂಡೆ
ಹೊನ್ನಾವರದವಳು ನಾನು. ಸಮುದ್ರ ನೋಡಲಿಕ್ಕೆ ಯಾರೂ ದುಡ್ಡು ಕೇಳುದಿಲ್ಲ, ಮಾರಾಯ್ರೆ. ಅದೇ ದಡದಲ್ಲಿ ಬೇಲಿಯ ಆಚೆ ಕಿಲೋಮೀಟರುಗಟ್ಟಲೆ ಮರಳು ತೆರೆದೇ ಬಿದ್ದಿದೆ, ಹೋಗಿ ಕೂರಿ. ಟಿಕೆಟ್ ಇರುವುದು ಬ್ಲೂ ಫ್ಲ್ಯಾಗ್ ಸಿಕ್ಕಿದ ಅಷ್ಟು ಜಾಗಕ್ಕೆ ಮಾತ್ರ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಬೀಚುಗಳಿಗೆ ಒಟ್ಟಿಗೆ ಆ ಮಾನ್ಯತೆ ಬಂತು, ಕರ್ನಾಟಕದಿಂದ ನಮ್ಮ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವುದು ಅದು. 33 ಮಾನದಂಡ ಇದೆ: ನೀರಿನ ಪರೀಕ್ಷೆ ಆಗ್ತಾ ಇರಬೇಕು, ಅದರ ವರದಿ ಬೋರ್ಡಿನಲ್ಲಿ ಹಾಕಬೇಕು, ಕೊಳಚೆ ಕಡಲಿಗೆ ಬಿಡಬಾರದು, ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಶೌಚಾಲಯ, ಗಾಲಿಕುರ್ಚಿ ಹೋಗುವ ದಾರಿ, ಹೀಗೆ. ಒಮ್ಮೆ ಸಿಕ್ಕಿದ್ದು ಕಾಯಂ ಅಲ್ಲ, ವರ್ಷ ವರ್ಷ ಹೊಸದಾಗಿ ಪಡೀಬೇಕು. ಶೌಚಾಲಯ ತೊಳೆಯುವವರಿಗೆ ಸಂಬಳ ಎಲ್ಲಿಂದ ಬರಬೇಕು?

ಬೆಣ್ಣೆನಗರಿಯವರಿಗೆ ಒಂದು ಮಾತು. ನಮ್ಮಲ್ಲಿ ಶರಾವತಿ ಕಡಲು ಸೇರುವ ಅಳಿವೆ ಹತ್ತಿರವೇ ಇದೆ. ದೂರದಿಂದ ನೋಡಿದರೆ ತಿಳಿನೀರು, ತೆರೆಯೂ ಇಲ್ಲ, ಮಕ್ಕಳಿಗೆ ಇದೇ ಒಳ್ಳೆಯದು ಅನ್ನಿಸ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲ ನೀರೂ ಒಟ್ಟಾಗಿ ಹೊರಗೆ ಎಳೀತಾವೆ, ಈಜು ಬಲ್ಲವರೂ ನಿಲ್ಲುದಿಲ್ಲ. ಪಡುಬಿದ್ರಿ, ಸಸಿಹಿತ್ಲು, ತಣ್ಣೀರುಬಾವಿಯ ದಕ್ಷಿಣ ತುದಿ, ಎಲ್ಲಾ ಕಡೆ ಹೊಳೆ ಬಾಯಿ ಇದೆ. ಅತ್ತ ಹೋಗಲೇಬೇಡಿ.

ಇನ್ನೊಂದು, ಕಾಸರಕೋಡಿನ ಟೊಂಕ ಎಂಬ ಊರಿನ ಬದಿ ಕಡಲಾಮೆ ಮೊಟ್ಟೆ ಇಡುವ ಜಾಗ. ಚಳಿಗಾಲದಲ್ಲಿ ಬಂದು ಇಟ್ಟು ಹೋಗ್ತಾವೆ, ಮರಿ ಹೊರಗೆ ಬರಲಿಕ್ಕೆ ಒಂದೂವರೆ ಎರಡು ತಿಂಗಳು. ನೀವು ಬರುವ ಹೊತ್ತಿಗೆ ಹೆಚ್ಚಿನವು ಮುಗಿದಿರ್ತದೆ. ಆದರೂ ಬಲೆ ಸುತ್ತಿ ಬೋರ್ಡು ಹಾಕಿದ್ದು ಕಂಡರೆ ಮಕ್ಕಳನ್ನು ದೂರ ಇಡಿ.

ಸುಲ್ತಾನ್ ಬತ್ತೇರಿ
ತಣ್ಣೀರುಬಾವಿಗೆ ಹೋಗಿ ಅಂತ ಯಾರೂ ಹೇಳ್ಲೇ ಇಲ್ಲ! ಪಣಂಬೂರಿಗಿಂತ ಜನ ಕಡಿಮೆ. ಗಾಡಿಯನ್ನು ಮಂಗಳೂರಿನ ಸುಲ್ತಾನ್ ಬತ್ತೇರಿ ಹತ್ರ ನಿಲ್ಲಿಸಿ, ಕಡವಿನ ದೋಣಿಯಲ್ಲಿ ಗುರುಪುರ ಹೊಳೆ ದಾಟಿ ಹೋಗಿ. ಕೆಲವೇ ನಿಮಿಷ, ಆದ್ರೆ ಮಕ್ಕಳು ನೆನಪಿಡುದು ಅದನ್ನೇ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬತ್ತೇರಿ ಅಲ್ಲೇ ಉಂಟು, ಹೊಳೆಗೆ ಶತ್ರುಗಳ ಹಡಗು ಬರಬಾರದು ಅಂತ. ಆಚೆ ದಡದಲ್ಲಿ ಟ್ರೀ ಪಾರ್ಕ್ ಉಂಟು, ಮರದಡಿ ಕೂತ್ಕೊಳ್ಳಬಹುದು.

ಬೆಣ್ಣೆನಗರಿ
ದೋಣಿ ಹತ್ತಿ ಇಳಿಯೋದು ಅಮ್ಮನ ಕೈಲಾಗಲ್ಲ ಸರ್. ರಸ್ತೆ ಇದೆಯಾ?

ಸುಲ್ತಾನ್ ಬತ್ತೇರಿ
ಉಂಟು, ಪಣಂಬೂರು ಕಡೆಯಿಂದ ಸುತ್ತು ಹಾಕಿ ಬರಬೇಕು. ಆದ್ರೆ ಮಂಡಿನೋವು ಅಂದ್ರೆ ಪಡುಬಿದ್ರಿಯೇ ಸಮ. ನಡೆಯುವ ದಾರಿ ಗಟ್ಟಿ ಉಂಟು, ರ‍್ಯಾಂಪ್ ಉಂಟು.

ರಾಜಾಜಿನಗರ 4ನೇ ಬ್ಲಾಕ್
ಇಷ್ಟೆಲ್ಲಾ ಯಾಕೆ ತಲೆ ಕೆಡಿಸ್ಕೋತೀರಾ? ಮುರುಡೇಶ್ವರಕ್ಕೆ ಹೋಗಿ. ಶಿವನ ಮೂರ್ತಿ, ಬೀಚು, ಊಟ, ಎಲ್ಲಾ ಒಂದೇ ಕಡೆ. ಮಳೆಗಾಲ ಅಲ್ವಲ್ಲ, ಮೊಣಕಾಲವರೆಗೆ ನೀರಿಗಿಳಿದ್ರೆ ಏನೂ ಆಗಲ್ಲ.

ಶರಾವತಿ ದಂಡೆ
2024ರ ಡಿಸೆಂಬರಿನಲ್ಲಿ ಅಲ್ಲೇ ಶಾಲಾ ಪ್ರವಾಸಕ್ಕೆ ಬಂದ ಮುಳಬಾಗಿಲು ಕಡೆಯ ನಾಲ್ಕು ಹೆಣ್ಣುಮಕ್ಕಳು ತೀರಿಹೋದರು. ಅದೂ ಮಳೆಗಾಲ ಅಲ್ಲ. ಆಮೇಲೆ ಬೀಚನ್ನೇ ಕೆಲವು ಕಾಲ ಮುಚ್ಚಿದ್ದರು. ಹೋಗಬೇಡಿ ಅಂತಲ್ಲ, ಈಗ ಗುರುತು ಹಾಕಿದ ಜಾಗದಲ್ಲಿ ಬಿಡ್ತಾರೆ. ಆದರೆ ‘ಏನೂ ಆಗಲ್ಲ’ ಅಂತ ದಯವಿಟ್ಟು ಬರೀಬೇಡಿ.

ರಾಜಾಜಿನಗರ 4ನೇ ಬ್ಲಾಕ್
ಸರಿ ಮೇಡಂ, ಒಪ್ಕೊಂಡೆ. ಆದ್ರೆ ನೀವು ಕರಾವಳಿಯವರು ಎಲ್ಲದಕ್ಕೂ ಹೆದರಿಸ್ತೀರಪ್ಪ. ಹಾಗಾದ್ರೆ ಯಾರೂ ನೀರಿಗೇ ಇಳೀಬಾರದಾ?

ಗಾಳಿಮರ
ಇಳಿಯಬೇಕು, ಎಲ್ಲಿ ಅನ್ನುವುದು ತಿಳಿದಿರಬೇಕು. ಕೆಂಪು-ಹಳದಿ ಬಾವುಟ ಎರಡು ನೆಟ್ಟಿದ್ದರೆ ಅವುಗಳ ನಡುವಿನ ಜಾಗವನ್ನು ಜೀವರಕ್ಷಕರು ನೋಡಿಕೊಳ್ಳುತ್ತಿದ್ದಾರೆ ಎಂದರ್ಥ. ಬರೀ ಕೆಂಪು ಇದ್ದರೆ ಇಳಿಯುವಂತಿಲ್ಲ.

ಹೊಸಬರನ್ನು ಮೋಸಗೊಳಿಸುವುದು ತೆರೆ ಒಡೆಯದ ಜಾಗ. ಎರಡೂ ಪಕ್ಕದಲ್ಲಿ ಬಿಳಿ ನೊರೆ ಏಳುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಸುಮ್ಮನಿರುತ್ತದೆ. ದಡಕ್ಕೆ ಬಂದು ಸೇರಿದ ನೀರೆಲ್ಲ ಹಿಂದಕ್ಕೆ ಹೋಗುವ ಕಾಲುವೆ ಅದು. ನೊರೆ, ಕಸ, ಮರಳು ಕದಡಿದ ನೀರು ಅಲ್ಲಿ ಹೊರಮುಖವಾಗಿ ಸಾಗುವುದು ಐದು ನಿಮಿಷ ನಿಂತು ನೋಡಿದರೆ ಕಾಣುತ್ತದೆ. ಅದರೊಳಗೆ ಸಿಕ್ಕಿದವರು ದಡದ ಕಡೆಗೇ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಆ ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ತೇಲುತ್ತಾ ಇದ್ದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ತೆರೆ ಒಡೆಯುವ ಕಡೆಯಿಂದ ವಾಪಸಾಗಬೇಕು. ಈಜು ಬಾರದವರು ಕೈ ಎತ್ತಿ ಕೂಗುತ್ತಾ ತೇಲಿಕೊಂಡಿರಲು ನೋಡಬೇಕು. ಕಾಪಾಡಲು ಬರಿಗೈಯಲ್ಲಿ ಹಾರುವುದು ಇನ್ನೂ ಅಪಾಯ. ಹಗ್ಗ, ಖಾಲಿ ಕ್ಯಾನ್, ಏನಾದರೂ ತೇಲುವಂಥದ್ದು ಎಸೆಯಿರಿ.

ಮಕ್ಕಳಿಗೆ ಕಿತ್ತಳೆ ಅಥವಾ ಗಾಢ ಹಳದಿ ಅಂಗಿ ಹಾಕಿಸಿ. ನೀಲಿ, ಬಿಳಿ ಅಂಗಿ ನೀರಲ್ಲಿ ಕಾಣುವುದೇ ಇಲ್ಲ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆಟುಕುವ ದೂರದಲ್ಲಿ, ಮೊಬೈಲ್ ಚೀಲದಲ್ಲಿಟ್ಟು.

ಬಲೆಯವ
ಹ್ವಾಯ್, ನಾನು ಮಲ್ಪೆ ಬದಿ ದೋಣಿಯವ. ಮೇಷ್ಟ್ರು ಹೇಳಿದ್ದಕ್ಕೆ ಇಷ್ಟು ಸೇರಿಸ್ತೆ. ಏಪ್ರಿಲ್-ಮೇಯಲ್ಲಿ ಕೆಲವು ದಿನ ಗಾಳಿಯೇ ಇರುದಿಲ್ಲ, ಆಕಾಶ ನೀಲಿ, ಆದರೂ ತೆರೆ ಒಂದರ ಹಿಂದೊಂದು ದೊಡ್ಡದಾಗಿ ಬಂದು ದಡ ಹತ್ತುತ್ತೆ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ತೆರೆ ಇಲ್ಲಿಗೆ ತಲುಪುದು ದಿನಗಟ್ಟಲೆ ಕಳೆದ ಮೇಲೆ. ಕೇರಳದವರು ಕಳ್ಳಕಡಲ್ ಅಂತಾರಲ್ಲ, ಅದು. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಮುಂಚೆಯೇ ಎಚ್ಚರಿಕೆ ಕೊಡ್ತದೆ, ನಾವು ಅದನ್ನು ಕಂಡೇ ಕಡಲಿಗೆ ಹೋಗುದು. ನೀವೂ ಹಿಂದಿನ ದಿನ ಒಮ್ಮೆ ಕಾಣಿ.

ಬೆಳಿಗ್ಗೆ ಬಂದರೆ ಕೈರಂಪಣಿ ಬಲೆ ಎಳೆಯುದು ಸಿಕ್ಕಿದರೂ ಸಿಕ್ಕಬಹುದು. ಬಲೆಯ ಎರಡು ತುದಿಯ ಹಗ್ಗ ದಡದಲ್ಲಿ ನಿಂತು ಎಳೀತೇವೆ. ಪ್ರವಾಸಿಗಳು ಆ ಹಗ್ಗದ ಮೇಲೆ ಹಾರಿ ಹಾರಿ ಫೋಟೋ ತೆಗೀತಾರೆ. ಬಿಗಿಯಾದ ಹಗ್ಗ ಒಮ್ಮೆ ಸಡಿಲಾಗಿ ಮತ್ತೆ ಬಿಗಿದರೆ ಕಾಲು ಹೋಯ್ತು. ಬದಿಯಲ್ಲಿ ನಿಂತು ಕಾಣಿ, ಮಕ್ಕಳಿಗೆ ಎಳೆಯುವ ಆಸೆಯಾದರೆ ಕೇಳಿ, ಯಾರೂ ಬೇಡ ಅನ್ನುದಿಲ್ಲ. ಬೂತಾಯಿ, ಬಂಗುಡೆ ಮೀನು ಸಿಕ್ಕಿದರೆ ಅಲ್ಲೇ ಕೊಂಡುಕೊಳ್ಳಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಹಾಗಾಗಿ ಮೇಯಲ್ಲಿ ಬಂದರು ಗಿಜಿಗಿಜಿ ಇರ್ತದೆ.

ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ಗೋಡೆ ಇಳಿಯಬೇಡಿ. ಪಾಚಿ ಕಟ್ಟಿರ್ತದೆ. ಸೆಲ್ಫಿಗೆ ನಿಂತವರನ್ನು ಎತ್ತಿ ಎತ್ತಿ ನಮಗೆ ಸಾಕಾಯಿತು.

ಮಲೆನಾಡ ಮಳೆ
ಸೇಂಟ್ ಮೇರೀಸ್ ದ್ವೀಪ ಆಗತ್ತಾ ಹಾಗಾದ್ರೆ? ಮಲ್ಪೆವರೆಗೆ ಹೋದವರು ಅದನ್ನ ಬಿಡೋದಾ?

ಬಲೆಯವ
ಮಳೆ ಹತ್ತಿರ ಬಂದರೆ ಆ ಬೋಟು ನಿಲ್ಲಿಸ್ತಾರೆ. ಮೇ ಎರಡನೇ ವಾರ ಅಂದರೆ ಕಡಲು ಹೇಗಿದೆ ಕಂಡು ಬಿಡ್ತಾರೆ, ಕೇಳಿಯೇ ಹೋಗಿ. ಅಲ್ಲಿ ಇರುದು ಕಂಬ ಕಂಬದ ಕಲ್ಲು, ಚೂಪು ಚಿಪ್ಪು, ಸ್ವಲ್ಪ ತೆಂಗಿನಮರ. ಮಂಡಿನೋವಿನವರಿಗೆ ಅಲ್ಲ.

ಮಯೂರವರ್ಮ ವೇದಿಕೆ ಪಕ್ಕ
ಕಾರವಾರದವರು ಯಾರೂ ಬಾಯಿ ಬಿಡದ ಕಾರಣ ನಾನೇ ಹೇಳಬೇಕಾಯಿತು. ನಮ್ಮ ಟ್ಯಾಗೋರ್ ಬೀಚು ಊರೊಳಗೇ ಇದೆ, ಬಸ್‌ಸ್ಟ್ಯಾಂಡಿನಿಂದ ನಡೆದು ಬರಬಹುದು. ಎದುರಿಗೆ ದೇವಗಡ, ಕೂರ್ಮಗಡ ದ್ವೀಪಗಳು. ನೌಕಾಪಡೆಯಿಂದ ನಿವೃತ್ತವಾದ ಐಎನ್‌ಎಸ್ ಚಾಪೆಲ್ ಕ್ಷಿಪಣಿ ನೌಕೆಯನ್ನು ದಡಕ್ಕೆ ಎಳೆದು ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಏಳು ವರ್ಷದ ಹುಡುಗನಿಗೆ ಯುದ್ಧನೌಕೆಯ ಹೊಟ್ಟೆಯೊಳಗೆ ಹೋಗುವುದಕ್ಕಿಂತ ದೊಡ್ಡ ಸುಖ ಯಾವುದಿದೆ? ದಾವಣಗೆರೆಯಿಂದ ದೂರ, ಒಪ್ಪುತ್ತೇನೆ. ಆದರೂ ಮಂಗಳೂರು-ಉಡುಪಿ ಬಿಟ್ಟು ಕರಾವಳಿಯೇ ಇಲ್ಲ ಅನ್ನುವ ಹಾಗೆ ಚರ್ಚೆ ನಡೆಯುವುದು ನೋಡಿ ಸಂಕಟವಾಗುತ್ತದೆ.

ಪೇಢಾನಗರಿ
ಖರೇ ಮಾತು ಹೇಳಿದ್ರಿ. ಹುಬ್ಬಳ್ಳಿ-ಧಾರವಾಡ ಮಂದಿಗೆ ಸಮುದ್ರ ಅಂದ್ರ ಕಾರವಾರನೇ.

ಬೆಣ್ಣೆನಗರಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೇಲಿ ಓದಿ ಹೇಳಿದೆ. ಹಿಂದಿನ ದಿನವೇ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ ಇಳಿದು ಹೆಬ್ರಿ ಮೇಲೆ ಉಡುಪಿಗೆ ಬಂದು ರೂಮು ಮಾಡ್ತೀವಿ. ಬೆಳಗ್ಗೆ ಆರಕ್ಕೆ ಮಲ್ಪೆ, ಒಂಬತ್ತೂವರೆಗೆ ವಾಪಸ್ ರೂಮಿಗೆ, ಸ್ನಾನ, ಊಟ, ನಿದ್ದೆ. ಮೂರೂವರೆಗೆ ಹೊರಟು ಪಡುಬಿದ್ರಿ. ಬುಧವಾರ ಹೋಗೋಣ ಅಂತ. ತಿನ್ನೋಕೆ ಏನು ಒಯ್ಯಬೇಕು? ಅಮ್ಮ ಈಗಲೇ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ ಅಂತ ಪಟ್ಟಿ ಮಾಡ್ತಿದ್ದಾರೆ.

ಕುಡ್ಲದ ಬಿಸಿಲು
ಮಂಡಕ್ಕಿ ತನ್ನಿ, ನಮಗೂ ಕೊಡಿ! ಮೊಸರನ್ನ, ಚಿತ್ರಾನ್ನ ಕಾರಲ್ಲಿಟ್ಟರೆ ಮಧ್ಯಾಹ್ನಕ್ಕೆ ಹಳಸ್ತದೆ, ಬೇಡ. ಕಲ್ಲಂಗಡಿ ದಾರಿಯಲ್ಲೇ ಸಿಗ್ತದೆ. ಬಾಯಾರಿದಾಗ ತಂಪು ಪಾನೀಯದ ಬದಲು ಬೊಂಡ, ಅಂದ್ರೆ ಎಳನೀರು ಕುಡಿಸಿ, ಪುನರ್ಪುಳಿ (ಕೋಕಂ) ಶರಬತ್ತು ಕುಡಿಸಿ. ಬೆವರಿನಲ್ಲಿ ಉಪ್ಪು ಹೋಗ್ತದೆ, ಅಮ್ಮನವರಿಗೆ ಬಿಪಿ ಮಾತ್ರೆ ಇದ್ರೆ ಡಾಕ್ಟರನ್ನು ಒಂದು ಮಾತು ಕೇಳಿ. ರಾತ್ರಿಗೆ ಗಡ್‌ಬಡ್ ಐಸ್‌ಕ್ರೀಮ್ ಬಿಡ್ಬೇಡಿ.

ಬ್ಲೂ ಫ್ಲ್ಯಾಗ್ ಜಾಗದಲ್ಲಿ ಪ್ಲಾಸ್ಟಿಕ್ ಬಿಡುದಿಲ್ಲ, ಮದ್ಯವಂತೂ ಇಲ್ಲವೇ ಇಲ್ಲ. ಹೊರಗಿನ ತಿಂಡಿ ಒಳಗೆ ಬಿಡ್ತಾರಾ, ಎಷ್ಟು ಗಂಟೆಗೆ ಮುಚ್ತಾರೆ, ಎರಡನ್ನೂ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಗಾಳಿಮರ
ಮೇ ತಿಂಗಳ ಸಂಜೆ ಗುಡುಗು-ಮಳೆ ಬರಬಹುದು. ಘಟ್ಟದ ಕಡೆ, ಅಂದರೆ ನಿಮ್ಮ ಬೆನ್ನ ಹಿಂದೆ ಮೋಡ ಕಟ್ಟುತ್ತದೆ. ಎಲ್ಲರೂ ಕಡಲನ್ನೇ ನೋಡುತ್ತಿರುವುದರಿಂದ ಗಮನಿಸುವುದಿಲ್ಲ. ಗುಡುಗು ಕೇಳಿದ ಕೂಡಲೇ ನೀರಿನಿಂದ ಎದ್ದು ಕಟ್ಟಡದೊಳಗೋ ಕಾರಿನೊಳಗೋ ಹೋಗಿ, ಮರದಡಿ ಅಲ್ಲ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಿರಿ.

ಬೆಣ್ಣೆನಗರಿ
ಹೋಗಿ ಬಂದ್ವಿ. ಎಲ್ಲರೂ ಕೇಳಿದ್ರಿ ಅಂತ ಬರೀತಿದ್ದೀನಿ.

ಬೆಳಗ್ಗೆ ಮಲ್ಪೆ ತಲುಪಿದಾಗ ಆರೂಕಾಲು. ಚಿಕ್ಕವನು ಮೊದಲ ತೆರೆ ಕಂಡು ಹಿಂದಕ್ಕೆ ಓಡಿಬಂದು ಅಜ್ಜಿ ಸೆರಗು ಹಿಡ್ಕೊಂಡ. ಅರ್ಧ ಗಂಟೆ ಆದ್ಮೇಲೆ ಅವನನ್ನ ನೀರಿಂದ ಎಬ್ಬಿಸೋದೇ ಕಷ್ಟ ಆಯ್ತು. ದೊಡ್ಡವಳು ನೀರಿಗಿಂತ ಏಡಿ ತೂತುಗಳ ಹಿಂದೆ ಬಿದ್ದಿದ್ಲು. ಅಮ್ಮ ಅಂಗಡಿಯವರ ಕುರ್ಚಿಯಲ್ಲಿ ನೆರಳಲ್ಲಿ ಕೂತಿದ್ರು. ಒಂಬತ್ತಾಗೋ ಹೊತ್ತಿಗೆ ಮರಳು ಬಿಸಿಯಾಗಿ ಮಕ್ಕಳೇ ‘ರೂಮಿಗೆ ಹೋಗೋಣ’ ಅಂದ್ರು! ಇದನ್ನ ನಾನು ಹೇಳಿದ್ರೆ ಕೇಳ್ತಿರಲಿಲ್ಲ.

ಸಂಜೆ ಪಡುಬಿದ್ರಿಯಲ್ಲಿ ಅಮ್ಮ ಯಾರ ಕೈಯೂ ಹಿಡಿಯದೆ ಮರಳಿನ ಅಂಚಿನವರೆಗೆ ನಡೆದ್ರು. ಆದ್ರೆ ನಾವು ಹೋದಾಗ ಕೆಂಪು ಬಾವುಟ. ಗಾಳಿ ಜೋರಿರಲಿಲ್ಲ, ಬಿಸಿಲು ಚೆನ್ನಾಗಿತ್ತು, ನನಗಂತೂ ಏನೂ ಅನ್ನಿಸಲಿಲ್ಲ. ಜೀವರಕ್ಷಕರು ಕೈ ತೋರಿಸಿ ಅಲ್ಲಿ ನೋಡಿ ಅಂದ್ರು, ಮೇಷ್ಟ್ರು ಬರೆದ ಆ ಕಪ್ಪು ಪಟ್ಟಿ! ಎರಡು ಕಡೆ ನೊರೆ, ನಡುವೆ ಏನೂ ಇಲ್ಲ. ಮಕ್ಕಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು, ಆಮೇಲೆ ದಡದಲ್ಲೇ ಮರಳಿನ ಕೋಟೆ ಕಟ್ಟಿದ್ರು. ಐದಾರು ಮಂದಿ ಕಾಲೇಜು ಹುಡುಗರು ಸೀಟಿ ಊದಿದ್ರೂ ಕೇಳದೆ ಇಳೀತಿದ್ರು, ಅವರನ್ನ ಎಬ್ಬಿಸೋದ್ರಲ್ಲೇ ಜೀವರಕ್ಷಕರ ಸಂಜೆ ಕಳೀತು. ಗುಡುಗು ಬರಲಿಲ್ಲ. ವಾಪಸ್ ಬರುವಾಗ ಕಾಪು ದೀಪಸ್ತಂಭ ನೋಡ್ಬೇಕು ಅಂದ್ಕೊಂಡಿದ್ವಿ, ಕತ್ತಲಾಗಿತ್ತು, ದೂರದಿಂದ ಬೆಳಕು ಮಾತ್ರ.

ಸುಲ್ತಾನ್ ಬತ್ತೇರಿ
ಅದು 1901ರದ್ದು, ಬಂಡೆಯ ಮೇಲೆ ಕಟ್ಟಿದ್ದು. ಸಂಜೆ ಸ್ವಲ್ಪ ಹೊತ್ತು ಮಾತ್ರ ಮೇಲೆ ಬಿಡ್ತಾರೆ. ಮುಂದಿನ ಸಲ ಅದಕ್ಕೇ ಒಂದು ಸಂಜೆ ಇಟ್ಕೊಳ್ಳಿ.

ತೊಗರಿ ಕಣಜ
ಕಲಬುರಗಿ ಕಡೆಯಿಂದ. ನಾವು ನಲವತ್ತು ಮಕ್ಕಳನ್ನು ಶಾಲೆಯಿಂದ ಕರ್ಕೊಂಡ್ ಬರಬೇಕಂತ ಮಾಡೀವಿ, ಡಿಸೆಂಬರ್‌ದಾಗ. ಪಡುಬಿದ್ರಿ ನಡೀತದೇನ್ರಿ?

ಶರಾವತಿ ದಂಡೆ
ನಡೀತದೆ. ಮೊದಲೇ ಅಲ್ಲಿಯವರಿಗೆ ಫೋನ್ ಮಾಡಿ, ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ ಅಂತ ಹೇಳಿ. ನಲವತ್ತು ಮಕ್ಕಳನ್ನು ಒಟ್ಟಿಗೆ ನೀರಿಗೆ ಬಿಡಬೇಡಿ. ಹತ್ತು ಹತ್ತು ಮಾಡಿ, ಪ್ರತಿ ಸಲ ಇಳಿಸುವ ಮೊದಲು ಒಮ್ಮೆ, ಎಬ್ಬಿಸಿದ ಮೇಲೆ ಒಮ್ಮೆ ತಲೆ ಎಣಿಸಿ. ಉಳಿದ ಮೂವತ್ತು ಮಂದಿಗೆ ಮರಳಲ್ಲಿ ಕಬಡ್ಡಿ. ಎಷ್ಟು ಜನ ಮೇಷ್ಟ್ರು ಬರ್ತೀರಿ?

ತೊಗರಿ ಕಣಜ
ಮೂರು ಮಂದಿ ಅದೀವಿ.

ಶರಾವತಿ ದಂಡೆ
ಸಾಲುದಿಲ್ಲ. ಪೋಷಕರಲ್ಲಿ ನಾಲ್ಕು ಜನರನ್ನಾದರೂ ಕರ್ಕೊಂಡು ಬನ್ನಿ.